ಮೈ ಬಿಟ್ಟು ಬತ್ತೇರಿಗೆ

ನನಗಾಗ ಅರವತ್ತೊಂದು. ಆರು ವರ್ಷದ ಹಿಂದಿನ ಮಾತು. ನನ್ನ ತಂಗಿ ಚಿಕ್ಕತಾಯಮ್ಮ ಗುಂಡ್ಲುಪೇಟೆಯ ಒಂದು ಛತ್ರದಲ್ಲಿ, ಬಾಡಿಗೆ ಜಮಖಾನದ ಮೇಲೆ ಅಂಗಾತ ಮಲಗಿ, ತನ್ನ ಮೈಯಿಂದ ತಾನೇ ಹೊರಗೆ ಬರಲು ಹದಿನೈದು ದಿನದಿಂದ ಹೆಣಗುತ್ತಿದ್ದಳು.

ಸರಿಯಾಗಿಯೇ ಓದಿದಿರಿ. ಮನೆಯಿಂದ ಹೊರಗೆ ಅಲ್ಲ. ಮೈಯಿಂದ ಹೊರಗೆ.

ಈಗ ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ, ಮೊನ್ನೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ನನ್ನ ಕೈಗೆ ಹಳದಿ ಪಾಂಪ್ಲೆಟ್ ಒಂದನ್ನು ತುರುಕಿದ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. (ನನ್ನ ಓದು ಎಷ್ಟೆಂದು ಈ ಪೇಪರಿನಲ್ಲಿ ನನ್ನ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಅಜ್ಜಿಯಾದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತದ್ದು.) ‘ದೇಹಾತೀತ ಯಾನ. ಆತ್ಮವನ್ನು ಶರೀರದಿಂದ ಬೇರ್ಪಡಿಸುವ ವೈಜ್ಞಾನಿಕ ತರಬೇತಿ. ಬೇಸಿಕ್, ಅಡ್ವಾನ್ಸ್, ಮಾಸ್ಟರ್. ಕೆಲವೇ ಸೀಟುಗಳು ಉಳಿದಿವೆ.’

ನಮ್ಮ ಚಾಮರಾಜನಗರ ಜಿಲ್ಲೆಯಾಯಿತು. ಡಿ.ಸಿ. ಆಫೀಸು ಬಂತು. ಸರಿ, ಇದೂ ಬಂತು. ಹೊಸ ಜಿಲ್ಲೆಗೆ ಬಂದ ಹಳೇ ಗಿರಾಕಿ. ನನಗೆ ಇವರ ಪರಿಚಯ ಮೊದಲೇ ಆಗಿದೆ, ನಿಮಗೂ ಮಾಡಿಸಿಬಿಡುತ್ತೇನೆ.

ಆ ವರ್ಷ ನಮ್ಮ ಮನೆಯಲ್ಲಿ ನೂರು ಮೊಟ್ಟೆಯ ರೇಷ್ಮೆ ಹುಳು ಇತ್ತು. (ನಮ್ಮ ಲೆಕ್ಕದಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನಾನೂರು ಐನೂರು ಮೊಟ್ಟೆಯ ಗುಂಪು.) ನಮ್ಮದು ಕುದೇರಿನ ಪಕ್ಕ. ಹುಳು ಸಾಕುವ ಮನೆಗೆ ಭಾನುವಾರ ಇಲ್ಲ, ಹಬ್ಬ ಇಲ್ಲ. ಇರುವ ರಜ ಒಂದೇ, ಹುಳು ಜ್ವರಕ್ಕೆ ಕೂತ ದಿನ. ಪೇಟೆಯವರಿಗೆ ಇದು ಗೊತ್ತಿರಲಿಕ್ಕಿಲ್ಲ. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನೇ ನಾವು ಜ್ವರ ಅನ್ನುವುದು. ತಲೆ ಎತ್ತಿಕೊಂಡು ಅಲ್ಲಾಡದೆ ಕೂತುಬಿಡುತ್ತದೆ. ಒಂದು ಎಲೆ ಮುಟ್ಟುವುದಿಲ್ಲ. ನಾಲ್ಕನೇ ಜ್ವರವೆಂದರೆ ಒಂದು ಹಗಲು, ಒಂದು ರಾತ್ರಿ ಪೂರಾ. ಆ ಹೊತ್ತಿನಲ್ಲಿ ಸೊಪ್ಪು ಹಾಕಿದರೆ ಹುಳು ಕೆಡುತ್ತದೆ. ಹಾಗಾಗಿ ನಮ್ಮ ಕಡೆ ಹೆಂಗಸರು ತವರಿಗೆ ಹೋಗುವುದು, ಹಲ್ಲು ಕೀಳಿಸುವುದು, ಸತ್ತವರ ಮನೆಗೆ ಹೋಗಿ ಅತ್ತು ಬರುವುದು, ಎಲ್ಲ ಆ ಜ್ವರದ ದಿನವೇ.

ನಾಲ್ಕನೇ ಜ್ವರಕ್ಕೆ ಇನ್ನೂ ಎರಡು ದಿನ ಇದೆ ಎನ್ನುವಾಗ ಬಸ್ಸಿನ ಕಂಡಕ್ಟರ್ ಕೈಲಿ ಸುದ್ದಿ ಬಂತು. ತಂಗಿಯ ಪಕ್ಕದ ಮನೆಯ ರತ್ನಮ್ಮ ಹೇಳಿ ಕಳಿಸಿದ್ದಳು. “ನಿನ್ನ ತಂಗಿ ಉಣ್ಣಾದು ಬುಟ್ಟವ್ಳೆ. ಸಕ್ಕರೆ ಕಾಯಿಲೆ ಮಾತ್ರೆನೂ ಬುಟ್ಟವ್ಳೆ. ಬೇಗ ಬಂದು ನೋಡು.”

ಎರಡು ದಿನ ಕಾದೆ. ಕೆಟ್ಟವಳು ಅನ್ನಿಸಿದರೆ ಅನ್ನಿಸಲಿ. ಹುಳು ಹಸಿದರೆ ನಿಮ್ಮ ಮನೆಯಿಂದ ಸೊಪ್ಪು ಬರುತ್ತದೆಯೇ?

ಮೂರನೆಯ ದಿನ ಬೆಳಗಿನ ಜಾವ ಎದ್ದು ನೋಡಿದೆ. ಅಷ್ಟೂ ಹುಳು ತಲೆ ಎತ್ತಿ ಕೂತಿತ್ತು. ಸೊಸೆಗೆ ಸುಣ್ಣದ ಪುಡಿ ಉದುರಿಸಲು ಹೇಳಿ, ಕಿಟಕಿ ತೆರೆಸಿ, ಸಂತೆಮರಹಳ್ಳಿಗೆ ಬಂದು ಬಸ್ಸು ಹಿಡಿದೆ. ಚಾಮರಾಜನಗರದಲ್ಲಿ ಇಳಿದು ಇನ್ನೊಂದು ಹತ್ತಿ ಗುಂಡ್ಲುಪೇಟೆ ಸೇರುವ ಹೊತ್ತಿಗೆ ಬಿಸಿಲು ಏರಿತ್ತು.

ತಂಗಿ ತನ್ನ ಮನೆಯ ಗೋಡೆಗೆ ಒರಗಿ ಕೂತಿದ್ದಳು. ಯುಗಾದಿಯಲ್ಲಿ ನೋಡಿದಾಗ ರುಬ್ಬುಗುಂಡಿನ ಹಾಗಿದ್ದವಳು. ಈಗ ರವಿಕೆಯ ಒಂದೊಂದು ತೋಳಿನಲ್ಲಿ ಎರಡೆರಡು ತೋಳು ಹಿಡಿಸುತ್ತಿತ್ತು.

“ಯಾಕಮ್ಮಿ, ಇಂಗಾಗಿದ್ದೀಯ?”

“ಹಗುರ ಆಯ್ತಾ ಇವ್ನಿ ಕಣಕ್ಕ.”

“ಯಾಕೆ, ಗಾಳಿಪಟ ಆಯ್ತೀನಿ ಅಂತ ಹರಕೆ ಹೊತ್ತಿದ್ದೀಯ?”

ಅವಳು ನಗಲಿಲ್ಲ. ನಿಧಾನಕ್ಕೆ ಒಂದೊಂದೇ ಹೇಳಿದಳು. ಆಟೋದಲ್ಲಿ ಮೈಕು ಕಟ್ಟಿಕೊಂಡು ಕೂಗಿಕೊಂಡು ಬಂದರಂತೆ. ಬೆಂಗಳೂರಿನ ಟ್ರೈನರ್ ಅಂತೆ. ಮೊದಲ ಲೆವೆಲ್ಲಿನಲ್ಲಿ ಆತ್ಮ ಮೈ ಬಿಟ್ಟು ಏಳುತ್ತದಂತೆ. ಎರಡನೆಯದರಲ್ಲಿ ಗೋಡೆ ದಾಟುತ್ತದಂತೆ. ಮೂರನೆಯದರಲ್ಲಿ ನೀವು ಹೇಳಿದ ಊರಿಗೆ ಹೋಗಿ, ನೋಡಿ, ವಾಪಸು ಬರುತ್ತದಂತೆ. (ಒಂದೊಂದು ಲೆವೆಲ್ಲಿಗೂ ಫೀಸು ಬೇರೆ. ಅದು ಮಾತ್ರ ಮೈಯಲ್ಲಿ ಇದ್ದಾಗಲೇ ಕಟ್ಟಬೇಕಂತೆ.) ಇವಳು ಹದಿನೈದು ದಿನವಾದರೂ ಮೊದಲ ಲೆವೆಲ್ಲಿನಲ್ಲೇ ಇದ್ದಳು. ಮೈ ಭಾರ ಇದ್ದರೆ ಆತ್ಮ ಏಳುವುದಿಲ್ಲ ಅಂದರಂತೆ. ಮಾತ್ರೆಗಳು ಆತ್ಮವನ್ನು ಮೈಗೆ ಅಂಟಿಸಿಬಿಡುತ್ತವೆ ಅಂತಲೂ ಅಂದರಂತೆ. ಎಷ್ಟು ಬಿಡಬೇಕು ಎಂದು ಅವರು ಹೇಳಲಿಲ್ಲ. ಇವಳು ಪೂರಾ ಬಿಟ್ಟಳು.

“ಅಂಗೆ ಮೈ ಬುಟ್ಟು ಎಲ್ಲಿಗೆ ಓಗ್ಬೇಕು ನೀನು?”

ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಹೇಳಿದಳು. “ಬತ್ತೇರಿಗೆ.”

ಬತ್ತೇರಿ! ನಾನು ಕಾಶಿ ಅಂದುಕೊಂಡಿದ್ದೆ. ಕೈಲಾಸ ಅಂದುಕೊಂಡಿದ್ದೆ. ಗುಂಡ್ಲುಪೇಟೆಯಿಂದ ಬತ್ತೇರಿಗೆ ಎರಡು ಗಂಟೆಯ ಬಸ್ಸು. ಕಾಡು ದಾಟಿದರೆ ಕೇರಳ, ಕೇರಳ ಮುಟ್ಟಿದರೆ ಬತ್ತೇರಿ. ದಾರಿಗೆ ಆನೆ ಅಡ್ಡ ನಿಂತರೆ ಎರಡೂವರೆ ಗಂಟೆ.

ಆದರೆ ಬತ್ತೇರಿ ಅಂದ ಕೂಡಲೇ ನನಗೆ ಎಲ್ಲಾ ತಿಳಿಯಿತು. ಬತ್ತೇರಿಯಲ್ಲಿ ಅವಳ ಒಬ್ಬಳೇ ಮಗಳು ಮಂಜುಳ ಇದ್ದಾಳೆ.

ಅದಕ್ಕೂ ಒಂಬತ್ತು ವರ್ಷ ಮೊದಲು ಮಂಜುಳ ಗುಂಡ್ಲುಪೇಟೆಯ ಬೇಕರಿಯಲ್ಲಿ ಕೆಲಸಕ್ಕಿದ್ದ ಮಲೆಯಾಳಿ ಹುಡುಗನ ಜೊತೆ ಹೋಗಿಬಿಟ್ಟಳು. ಹುಡುಗ ಕೆಟ್ಟವನಲ್ಲ. ಬ್ರೆಡ್ಡೂ ಚೆನ್ನಾಗಿ ಮಾಡುತ್ತಿದ್ದ. ಆದರೆ ಅವಳಪ್ಪ ನಂಜಪ್ಪ ಇದ್ದನಲ್ಲ, ಕಲ್ಲಿನಂಥ ಮನುಷ್ಯ. ಮಲೆ ಮಾದಪ್ಪನ ಪಟದ ಮುಂದೆ ಕರ್ಪೂರ ಹಚ್ಚಿದ. ಉರಿಯುವ ಕರ್ಪೂರವನ್ನು ಹೆಂಡತಿಯ ಅಂಗೈಯಲ್ಲಿ ಆರಿಸಿ ಆಣೆ ಇಡಿಸಿದ. ‘ನನ್ನ ಜೀವ ಇರೋಗಂಟ ಆ ಮನೆಗೆ ಕಾಲಿಕ್ಕಕಿಲ್ಲ’ ಎಂದು ಅವಳ ಬಾಯಲ್ಲೇ ಹೇಳಿಸಿದ. ಆಣೆ ಇಡಿಸಿದವನು ಈ ಕೋರ್ಸು ಬರುವುದಕ್ಕೆ ಮೂರು ವರ್ಷ ಮೊದಲೇ ತೀರಿಕೊಂಡ. ಆಣೆ ಇಟ್ಟವಳು ಉಳಿದಳು. ಬಿಡಿಸುವವರು ಯಾರು?

“ಕಾಲಿಕ್ಕಕಿಲ್ಲ ಅಂತ ತಾನೆ ಅಕ್ಕ ಆಣೆ ಇಟ್ಟಿರಾದು?” ತಂಗಿ ನನ್ನ ಹತ್ತಿರಕ್ಕೆ ಜರುಗಿ ಕೂತಳು. “ಮೈ ಇಲ್ಲೇ ಇದ್ರೆ ಕಾಲೂ ಇಲ್ಲೇ ಇರ್ತದೆ. ಆತ್ಮಕ್ಕೆಲ್ಲಿ ಕಾಲದೆ? ಅಂಗೆ ಓಗಿ, ಒಂದ್ಕಿತ ನನ್ನ ಮಗಳ ಮೊಕ ನೋಡ್ಬುಟ್ಟು ಬಂದ್ರೆ ಮಾದಪ್ಪ ಏನಂದಾನು? ನೀನೇ ಹೇಳು.”

ಇವಳನ್ನು ಓದಿಸಿದ್ದರೆ ಹೈಕೋರ್ಟಿನಲ್ಲಿ ವಾದ ಮಾಡುತ್ತಿದ್ದಳು.

ಒಂದು ಮಾತು ನಾನಾಗ ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಏನೆಂದು ಸ್ವಲ್ಪ ಹೊತ್ತಿನಲ್ಲಿ ಒಪ್ಪಿಸುತ್ತೇನೆ. ಮೊದಲು ಛತ್ರಕ್ಕೆ ಹೋಗಿ ಬರೋಣ, ಯಾಕೆಂದರೆ ಮಧ್ಯಾಹ್ನದ ಕ್ಲಾಸಿಗೆ ಹೊತ್ತಾಗಿತ್ತು. ಎರಡು ಹೆಜ್ಜೆಗೊಮ್ಮೆ ನಿಂತು ಉಸಿರು ಬಿಡುವವಳು ಕ್ಲಾಸು ತಪ್ಪಿಸಲಾರೆ ಅಂದಳು. ನಾನೂ ಜೊತೆಗೆ ಹೊರಟೆ. “ಹೊಸಬರಿಗೆ ಮೊದಲ ದಿನ ಫ್ರೀ ಕಣಕ್ಕ,” ಅಂದಳು. ಇಂಥ ಕಡೆ ಮೊದಲ ದಿನ ಎಲ್ಲೂ ಫ್ರೀಯೇ.

ಛತ್ರದಲ್ಲಿ ಇಪ್ಪತ್ತು ಜನ ಇದ್ದರು. ಟ್ರೈನರ್ ಸಫಾರಿ ಸೂಟು ಹಾಕಿದ್ದರು. ಮೂವತ್ತೈದು ವಯಸ್ಸಿರಬಹುದು. ಮಾತು ಬೆಣ್ಣೆ. ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಮಧ್ಯದಲ್ಲಿ ಟೇಪ್ ರೆಕಾರ್ಡರು. ಅದರಲ್ಲಿ ಕೊಳಲು, ಕೊಳಲಿನ ಹಿಂದೆ ಸಮುದ್ರದ ಅಲೆ. ಗುಂಡ್ಲುಪೇಟೆಯ ಆತ್ಮಕ್ಕೆ ಸಮುದ್ರದ ಗುರುತು ಎಲ್ಲಿಂದ ಬರಬೇಕು? ಸಂತೆಯ ಗಲಾಟೆ ಹಾಕಿದ್ದರೆ ಒಂದೆರಡಾದರೂ ಎದ್ದು ಹೋಗುತ್ತಿದ್ದವೋ ಏನೋ.

“ಭಯ ಬೇಡ,” ಅಂದರು ಟ್ರೈನರ್. “ಆತ್ಮ ಎಷ್ಟೇ ದೂರ ಹೋದರೂ ದೇಹಕ್ಕೂ ಅದಕ್ಕೂ ಮಧ್ಯೆ ಒಂದು ಬೆಳ್ಳಿಯ ಎಳೆ ಇರುತ್ತದೆ. ರೇಷ್ಮೆಯಷ್ಟು ಸಣ್ಣ ಎಳೆ. ಅದು ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ತುಂಡಾಗುವುದಿಲ್ಲ.”

ರೇಷ್ಮೆ ಅಂದರಲ್ಲ, ನಾನು ಸುಮ್ಮನಿರಲಾರೆ. “ಸ್ವಾಮಿ, ನಮ್ಮ ಕಡೆ ಗೂಡಿಂದ ಎಳೆ ಬಿಚ್ಚಬೇಕಾದ್ರೆ ಮೊದ್ಲು ಬೇಯಿಸ್ತಾರೆ. ಒಳಗಿರಾದು ಸತ್ತೋಯ್ತದೆ.”

ಎರಡು ಜನ ಕಿಸಕ್ಕೆಂದರು. ತಂಗಿ ನನ್ನ ತೊಡೆ ಚಿವುಟಿದಳು. ಟ್ರೈನರ್ ಮಾತ್ರ ನಕ್ಕು, “ಅಜ್ಜಿ ಬಹಳ ಚೂಟಿ. ಮಲಗಿ ಅಜ್ಜಿ,” ಅಂದರು.

ಮಲಗಿದೆ. ಕಣ್ಣು ಮುಚ್ಚಿದೆ. ಕಾಲ ಬೆರಳು ಸಡಿಲ ಬಿಡಿ, ಮಂಡಿ ಸಡಿಲ ಬಿಡಿ, ಸೊಂಟ ಸಡಿಲ ಬಿಡಿ ಎಂದು ಅವರು ಕೆಳಗಿನಿಂದ ಮೇಲಕ್ಕೆ ಹೊರಟರು. ನಾನು ನಸುಕಿಗೆ ಮುಂಚೆ ಎದ್ದವಳು. ಮೂರು ದಿನದಿಂದ ಸೊಪ್ಪು ಕೊಯ್ದು ಹಾಕಿ ಹಾಕಿ ಬೆನ್ನು ಬಿದ್ದುಹೋಗಿತ್ತು. ಅವರು ಸೊಂಟಕ್ಕೆ ಬರುವ ಮೊದಲೇ ನನಗೆ ನಿದ್ದೆ.

ಭುಜ ಮುಟ್ಟಿ ಎಬ್ಬಿಸಿದರು. “ಎಲ್ಲಿಗೆ ಹೋಗಿದ್ರಿ ಅಜ್ಜಿ?”

“ಎಲ್ಲಿಗೂ ಇಲ್ಲ. ನಿದ್ದೆ ಬಂದ್ಬುಡ್ತು.”

“ನಿದ್ದೆ ಅಲ್ಲ. ನೀವು ಹೋಗಿದ್ರಿ. ನಿಮ್ಮ ಮುಖ ನೋಡಿದರೇ ಗೊತ್ತಾಗುತ್ತೆ. ನೆನಪು ಉಳಿದಿಲ್ಲ, ಅಷ್ಟೆ. ಅಡ್ವಾನ್ಸ್ ಲೆವೆಲ್ ಮಾಡಿದರೆ ನೆನಪೂ ಉಳಿಯುತ್ತೆ.”

“ಗೊರಕೆ ಹೊಡೀತಿದ್ನಾ?”

“ಅದು ಆತ್ಮ ಬಿಡುಗಡೆಯಾಗುವಾಗಿನ ಶಬ್ದ.”

ನೋಡಿ ಹೇಗಿದೆ ವ್ಯಾಪಾರ! ಎಚ್ಚರವಿದ್ದರೆ ನೀವು ಇನ್ನೂ ಬೇಸಿಕ್. ನಿದ್ದೆ ಬಂದರೆ ನೀವು ಪಾಸು. ಕನಸು ಬಿದ್ದರಂತೂ ಮಾಸ್ಟರ್. ಆ ಲೆಕ್ಕದಲ್ಲಿ ನಮ್ಮನೆ ನಾಯಿ ದಿನಕ್ಕೆ ನಾಲ್ಕು ಸಲ ಮಾಸ್ಟರ್ ಆಗುತ್ತದೆ. ಹೀಗೆ ಎಲ್ಲದಕ್ಕೂ ಒಂದು ಉತ್ತರ ಇಟ್ಟುಕೊಂಡವರನ್ನು ನಾನು ನಂಬುವುದಿಲ್ಲ. ಡಾಕ್ಟರೂ ಒಮ್ಮೊಮ್ಮೆ ‘ಗೊತ್ತಾಗುತ್ತಿಲ್ಲಮ್ಮ’ ಅನ್ನುತ್ತಾರೆ.

ಪಕ್ಕಕ್ಕೆ ತಿರುಗಿದರೆ ತಂಗಿಯ ಕಣ್ಣಲ್ಲಿ ನೀರು. “ನೀ ಒಂದೇ ದಿನಕ್ಕೆ ಓಗ್ಬುಟ್ಯಲ್ಲಕ್ಕ! ನಂಗೆ ಯಾಕೆ ಆಗಕಿಲ್ಲ?”

ಅಲ್ಲಿಗೆ ನನಗೆ ಪಿತ್ತ ನೆತ್ತಿಗೇರಿತು. ಇವಳಿಗೆ ಬಿಡಿಸಿ ಹೇಳಿ ಪ್ರಯೋಜನವಿಲ್ಲ. ನಾಳೆಯಿಂದ ನೀರನ್ನೂ ಬಿಡುತ್ತಾಳೆ. ತೋರಿಸಲೇಬೇಕು.

“ಸ್ವಾಮಿ,” ಅಂದೆ, “ನಂಗೆ ನೆನಪಿಲ್ಲ, ಬುಡಿ. ನೀವು ಮಾಸ್ಟರಲ್ವಾ? ನೀವೇ ಒಂದ್ಕಿತ ಓಗ್ಬುಟ್ಟು ಬನ್ನಿ. ನಾವೂ ನೋಡ್ತೀವಿ.”

“ಹೋಗಿ ಬಂದವ್ರೆ ಕಣಮ್ಮ,” ಅಂದರು ಮುಂದೆ ಕೂತಿದ್ದ ಒಬ್ಬ ರಿಟೈರ್ಡ್ ಮೇಷ್ಟ್ರು. ಚಂದಕವಾಡಿಯವರು, ಪುಟ್ಟಸ್ವಾಮಿ ಮೇಷ್ಟ್ರು ಎಂದು ಆಮೇಲೆ ಗೊತ್ತಾಯಿತು. ಗುಂಡ್ಲುಪೇಟೆಯ ಮಗಳ ಮನೆಯಲ್ಲಿದ್ದುಕೊಂಡು ಕೋರ್ಸಿಗೆ ಬರುತ್ತಿದ್ದರು. “ಓದ ವಾರ ನಮ್ಮನೆಗೇ ಓಗಿ ಬಂದ್ರು. ಗೋಡೆ ಮೇಲೆ ದೇವರ ಪಟ ಅದೆ, ಹಿತ್ಲಲ್ಲಿ ತೆಂಗಿನ ಮರ ಅದೆ, ಎಲ್ಲ ಕರೆಕ್ಟಾಗಿ ಹೇಳಿದ್ರು.”

ದೇವರ ಪಟವಿಲ್ಲದ ಗೋಡೆ, ತೆಂಗಿನ ಮರವಿಲ್ಲದ ಹಿತ್ತಲು ಚಂದಕವಾಡಿಯಲ್ಲಿ ಎಷ್ಟಿವೆ ಎಂದು ನಾನು ಕೇಳಲಿಲ್ಲ. “ಅಂಗಾದ್ರೆ ನಮ್ಮನೆಗೂ ಓಗಿ ಬರ್ಲಿ,” ಅಂದೆ.

ಇಪ್ಪತ್ತು ಜನ ಅವರನ್ನೇ ನೋಡುತ್ತಿದ್ದರು. ಹೋಗದೆ ಹೇಗಿರುತ್ತಾರೆ? “ಎಲ್ಲಿ ಅಜ್ಜಿ ನಿಮ್ಮ ಮನೆ?”

“ಕುದೇರು ಪಕ್ಕ. ಹುಳು ಮನೆ ಅದೆ. ಬೇರೇನೂ ಬ್ಯಾಡ, ನಮ್ಮ ಹುಳು ಎಂಗವೆ ಅಂತ ಒಂಚೂರು ನೋಡ್ಕೊಂಡು ಬನ್ನಿ. ಬುಟ್ಟು ಬಂದ ಮೇಲೆ ನಂಗೂ ಅದೇ ಚಿಂತೆ.”

ಅವರು ಪದ್ಮಾಸನ ಹಾಕಿದರು. ಕಣ್ಣು ಮುಚ್ಚಿದರು. ಐದು ನಿಮಿಷ ಉಸಿರು ಎಳೆದರು, ಬಿಟ್ಟರು.

“ಹೆಂಚಿನ ಮನೆ,” ಅಂದರು ನಿಧಾನಕ್ಕೆ. “ಪಕ್ಕದಲ್ಲಿ ಹುಳು ಮನೆ. ಒಳಗೆ ಸ್ವಲ್ಪ ಕತ್ತಲು. ಬಿದಿರಿನ ತಟ್ಟೆಗಳು, ಒಂದರ ಮೇಲೊಂದು. ಬಿಳಿ ಹುಳುಗಳು. ಆಹಾ! ಸೊಪ್ಪು ತಿನ್ನುತ್ತಿವೆ. ಮಳೆ ಸುರಿದ ಹಾಗೆ ಸದ್ದು.”

“ಚೆನ್ನಾಗಿ ತಿಂತಾ ಅವಾ?”

“ಬಹಳ ಚೆನ್ನಾಗಿ ತಿನ್ನುತ್ತಿವೆ ಅಜ್ಜಿ. ಒಬ್ಬರು ಹೆಂಗಸು ಸೊಪ್ಪು ಹಾಕುತ್ತಿದ್ದಾರೆ.”

“ಎಲ್ಲಾ ತಟ್ಟೇಲೂ ತಿಂತಾ ಅವಾ? ಸರಿಯಾಗಿ ನೋಡಿ.”

“ಎಲ್ಲಾ ತಟ್ಟೆಯಲ್ಲೂ.”

ನಾನು ಪುಟ್ಟಸ್ವಾಮಿ ಮೇಷ್ಟ್ರ ಮುಖ ನೋಡಿದೆ. ಅವರ ಕೈಬೆರಳಿನಲ್ಲಿ ಮಾಸದ ಸೊಪ್ಪಿನ ಕಲೆ ಇತ್ತು. ಹುಳು ಸಾಕುವವರ ಬೆರಳು ನನಗೆ ಗೊತ್ತಾಗುವುದಿಲ್ಲವೇ?

ಮೇಷ್ಟ್ರು ಕತ್ತು ತಿರುಗಿಸಿ ಕೇಳಿದರು. “ಅಮ್ಮ, ನಿಮ್ಮ ಹುಳ ಈಗ ಯಾವ ಹಂತದಲ್ಲವೆ?”

“ನಾಕನೇ ಜ್ವರ. ಇವತ್ತು ಬೆಳಗಿನ ಜಾವ ಕೂತವೆ. ಅದಕ್ಕೇ ತಾನೆ ನಾ ಬಂದಿರಾದು.”

ಮೇಷ್ಟ್ರು ಮೊದಲು ಹುಬ್ಬು ಗಂಟು ಹಾಕಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಆಮೇಲೆ ಛತ್ರ ಹಾರಿಹೋಗುವ ಹಾಗೆ ನಕ್ಕರು. “ಜ್ವರಕ್ಕೆ ಕೂತ ಹುಳ ಸೊಪ್ಪು ತಿಂತದಾ ಸ್ವಾಮಿ! ಎಲ್ಲಾ ತಟ್ಟೇಲೂ!”

ಹುಳು ಗೊತ್ತಿದ್ದವರು ನಕ್ಕರು. ಗೊತ್ತಿಲ್ಲದವರು ಗೊತ್ತಿದ್ದವರನ್ನು ಕೇಳಿಕೊಂಡು ನಕ್ಕರು. ಹಿಂದೆ ಕೂತಿದ್ದ ಒಬ್ಬ ದಪ್ಪ ಹೆಂಗಸಂತೂ ನಗು ತಡೆಯಲಾರದೆ ಮತ್ತೆ ಅಂಗಾತ ಮಲಗಿಬಿಟ್ಟಳು.

ಟ್ರೈನರ್ ಸುಲಭಕ್ಕೆ ಬಿಡುವವರಲ್ಲ. ಕೈಯೆತ್ತಿ ಸುಮ್ಮನಿರಿಸಿದರು. “ಸೂಕ್ಷ್ಮ ಲೋಕದಲ್ಲಿ ಕಾಲ ಹಿಂದೆ ಮುಂದೆ ಆಗುತ್ತದೆ. ನಾನು ನೋಡಿದ್ದು ನಾಡಿದ್ದಿನ ದೃಶ್ಯ ಇರಬಹುದು.”

“ನಾಡಿದ್ದಿಂದಾ?” ನಾನು ಎದ್ದು ನಿಂತೆ. “ಒಳ್ಳೇದಾಯ್ತು ಬುಡಿ. ಅಷ್ಟು ಮುಂದಕ್ಕೆ ಕಾಣ್ತದೆ ಅಂದ್ರೆ, ಇನ್ನೊಂದೆಂಟು ದಿನ ಮುಂದಕ್ಕೋಗಿ ಗೂಡಿನ ರೇಟ್ ಎಷ್ಟದೆ ಅಂತ ಹೇಳ್ಬುಡಿ ಸ್ವಾಮಿ. ಇಲ್ಲಿ ಎಲ್ರಿಗೂ ಉಪಕಾರ ಆಯ್ತದೆ.”

ಟ್ರೈನರ್ ಬಗ್ಗಿ ಟೇಪ್ ರೆಕಾರ್ಡರಿನ ವಯರು ಸುತ್ತತೊಡಗಿದರು. ಜನ ಚಪ್ಪಲಿ ಹುಡುಕತೊಡಗಿದರು. ಮೇಷ್ಟ್ರು ಹೋಗುವಾಗ ನನಗೆ ಕೈ ಮುಗಿದರು. “ನಾ ತಿರುಪತಿಗೆ ಓಗಿ ಬಂದೆ ಅಂತ ಊರೆಲ್ಲ ಹೇಳ್ಕೊಂಡು ಬಂದಿವ್ನಿ ಕಣಮ್ಮ,” ಅಂದರು. “ಲಡ್ಡು ಎಲ್ಲಿ ಅಂತ ಒಬ್ರೂ ಕೇಳ್ನಿಲ್ವಲ್ಲ!”

ನಾನು ಗೆದ್ದ ಕೋಳಿಯ ಹಾಗೆ ಕತ್ತೆತ್ತಿಕೊಂಡು ತಂಗಿಯ ಕಡೆ ತಿರುಗಿದೆ.

ಅವಳು ನಕ್ಕಿರಲಿಲ್ಲ. ಜಮಖಾನದ ಮೇಲೆ ಹಾಗೇ ಕೂತಿದ್ದಳು. “ನೀ ಗೆದ್ದೆ ಕಣಕ್ಕ,” ಅಂದಳು. “ನಂಗೇನು ಸಿಕ್ತು? ಇದ್ದ ಒಂದು ದಾರಿನೂ ಓಯ್ತು.”

ಛತ್ರದಲ್ಲಿ ಕಿಸಿದಿದ್ದ ನನ್ನ ಬಾಯಿ ಮುಚ್ಚಿತು. ಅವಳ ರಟ್ಟೆ ಹಿಡಿದು ನಿಧಾನಕ್ಕೆ ನಡೆಸಿಕೊಂಡು ಹೊರಟೆ.

ಮನೆಗೆ ಹೋಗಿ, ಬಾಗಿಲು ಹಾಕಿ, ಅವಳ ಎದುರಿಗೆ ಕೂತು ಆ ಮಾತನ್ನು ಒಪ್ಪಿಸಿದೆ. “ಅಮ್ಮಿ, ಮಂಜುಳನ ಮನೆ ಬಾಗಿಲು ನೀಲಿ ಬಣ್ಣ. ಮುಂದ್ಗಡೆ ಸಣ್ಣ ಬೇಕರಿ, ಹಿಂದ್ಗಡೆ ಮನೆ. ಹಿತ್ಲಲ್ಲಿ ಎರಡು ಹಲಸಿನ ಮರ. ಅವಳು ಮೈ ತುಂಬ್ಕೊಂಡವ್ಳೆ. ಒಂದು ಹೆಣ್ಮಗು ಅದೆ, ಆರು ವರ್ಷದ್ದು. ನಿನ್ನ ಮೂಗೇ ಬಂದದೆ, ಪಾಪ.”

ತಂಗಿ ನನ್ನನ್ನೇ ನೋಡಿದಳು. ಅವಳ ಬಾಯಿ ಅರ್ಧ ತೆರೆದಿತ್ತು. “ಇದೆಲ್ಲ ಎಂಗೆ ಕಂಡೆ ನೀನು? ಯಾವ ಲೆವೆಲ್ಲು?”

“ಏಳೂಕಾಲರ ಬಸ್ಸು.”

ನಾನು ಎರಡು ಸಲ ಹೋಗಿ ಬಂದಿದ್ದೆ. ಎರಡು ಸಲವೂ ಜ್ವರದ ದಿನವೇ. ಮಂಜುಳ ಬಡಿಸಿದ ಮೀನು ಸಾರು ಉಂಡು, ಅವಳ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಂದಿದ್ದೆ. ನಂಜಪ್ಪ ಬದುಕಿದ್ದಾಗ ತಂಗಿಗೆ ಹೇಳಿದ್ದರೆ ಮನೆಯಲ್ಲಿ ರಂಪವಾಗುತ್ತಿತ್ತು. ಅವನು ಹೋದ ಮೇಲೆ ಹೇಳಿದ್ದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದಳು. ಹೀಗೆ ಇವತ್ತು ನಾಳೆ ಅಂದುಕೊಂಡು ಮೂರು ವರ್ಷ ತಳ್ಳಿದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಆ ಸಫಾರಿ ಸೂಟಿನವನು ನನ್ನ ತಂಗಿಗೆ ಟೋಪಿ ಹಾಕಿದ್ದು ಹದಿನೈದು ದಿನ. ನನ್ನದು ಎಷ್ಟಾಯಿತು? ಮನೆಯವರು ಬಾಯಿ ಮುಚ್ಚಿಕೊಂಡಿದ್ದರೆ ತಾನೇ ಇಂಥವರು ಮೈಕು ಕಟ್ಟಿಕೊಂಡು ಬರುವುದು?

ತಂಗಿ ಕೈಗೆ ಸಿಕ್ಕ ಚೊಂಬನ್ನು ಎತ್ತಿ ಎಸೆದಳು. ತಲೆ ತಗ್ಗಿಸಿದೆ, ಗೋಡೆಗೆ ಬಡಿಯಿತು. ಹದಿನೈದು ದಿನದಿಂದ ಏಳಲಾರದ ಮೈ ಎದ್ದು ನಿಂತಿತ್ತು! “ಮುಂಡೆ,” ಅಂದಳು, “ಮೀನು ಸಾರು ಉಂಡ್ಬುಟ್ಟು ಬಂದು ನನ್ನೆದುರ್ಗೆ ಯುಗಾದಿ ಒಬ್ಬಟ್ಟು ತಿಂತಾ ಕೂತಿದ್ಯಲ್ಲ! ನಿಂಗೆ ನಾಚ್ಕೆ ಆಗ್ನಿಲ್ವಾ?” ಇನ್ನೂ ಏನೇನೋ ಅಂದಳು. ಪೇಪರಿನಲ್ಲಿ ಹಾಕುವುದಿಲ್ಲ.

ಬಯ್ದು ಬಯ್ದು ಸುಸ್ತಾಗಿ ಕೂತು, “ಏನಾರ ಮಾಡಾಕು, ಹೊಟ್ಟೆ ಹಸೀತದೆ,” ಅಂದಳು. ಹಿಟ್ಟು ತೊಳಸಿ ಹಾಕಿದೆ. ಎರಡು ಮುದ್ದೆ ನುಂಗಿದಳು. ಮಾತ್ರೆಯ ಡಬ್ಬಿ ಮುಂದಿಟ್ಟೆ. ಅದನ್ನೂ ನುಂಗಿದಳು.

“ಓಗನ ನಡಿ ನಾಳೆ,” ಅಂದೆ.

“ಆಣೆ?”

ಅದೊಂದು ಉಳಿದಿತ್ತು. ನಮ್ಮಲ್ಲಿ ಆಣೆ ತಪ್ಪಲೇಬೇಕಾಗಿ ಬಂದರೆ ತಪ್ಪು ಕಾಣಿಕೆ ಕಟ್ಟುತ್ತಾರೆ. ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ ‘ತಪ್ಪಾಯ್ತು’ ಎಂದು ಪಟದ ಮುಂದೆ ಇಡುವುದು, ಆಮೇಲೆ ಮಾದಪ್ಪನ ಬೆಟ್ಟಕ್ಕೆ ಹೋದಾಗ ಹುಂಡಿಗೆ ಹಾಕುವುದು. ಆಣೆ ತಪ್ಪಿದವರನ್ನೆಲ್ಲ ಮಾದಪ್ಪ ತಿನ್ನುವಂತಿದ್ದರೆ ನಮ್ಮ ತಾಲ್ಲೂಕಿನಲ್ಲಿ ವೋಟು ಹಾಕಲು ಯಾರೂ ಉಳಿಯುತ್ತಿರಲಿಲ್ಲ. ಆದರೆ ತಂಗಿ ಒಪ್ಪಲಿಲ್ಲ. ಅವಳು ಕಟ್ಟಿದರೆ ತಪ್ಪು ಅವಳದೇ ಆಗುತ್ತದಲ್ಲ.

“ಸರಿ, ತಪ್ಪು ನಂದು,” ಅಂದೆ. ನನ್ನ ಸೊಂಟದ ಚೀಲದಿಂದ ನಾಣ್ಯ ತೆಗೆದೆ. ನನ್ನ ಸೆರಗಿನ ಅಂಚು ಹರಿದು ಅರಿಸಿನಕ್ಕೆ ಅದ್ದಿದೆ. ಗಂಟು ಹಾಕಿ ಪಟದ ಮುಂದೆ ಇಟ್ಟೆ. “ಮಾದಪ್ಪ, ಇವಳನ್ನ ಕರ್ಕೊಂಡೋಗ್ತಾ ಇರಾಳು ನಾನು. ಕೇಳಾದಿದ್ರೆ ನನ್ನ ಕೇಳು.”

ಇದು ಒಣ ಉಪಚಾರದ ಮಾತಲ್ಲ. ತಪ್ಪು ನನ್ನದೇ ಆಗಿತ್ತು.

ಎಸ್.ಟಿ.ಡಿ. ಬೂತಿಗೆ ಹೋಗಿ ನಮ್ಮೂರಿನ ಅಂಗಡಿಗೆ ಫೋನು ಮಾಡಿ ಸೊಸೆಯನ್ನು ಕರೆಸಿದೆ. ನಾಳೆ ಹುಳು ಜ್ವರ ಎದ್ದ ಮೇಲೆ ಮೊದಲ ಸೊಪ್ಪು ನೀನೇ ಹಾಕು, ನಾನು ಬರುವುದು ಸಂಜೆಯಾಗುತ್ತದೆ ಅಂದೆ. “ಆಯ್ತು ಅತ್ತೆ, ನಿಧಾನ್ಕೆ ಬನ್ನಿ,” ಅಂದಳು. “ನೀವಿಲ್ದೆ ಹುಳಕ್ಕೂ ನೆಮ್ಮದಿ.”

ಮಾರನೆಯ ಬೆಳಿಗ್ಗೆ ತಂಗಿಯನ್ನು ಬಸ್ಸು ಹತ್ತಿಸಿದೆ. ಕಿಟಕಿಯ ಪಕ್ಕ ಕೂರಿಸಿದೆ. ಕಂಡಕ್ಟರು “ಎಲ್ಲಿಗಮ್ಮ?” ಅಂದ. “ಬತ್ತೇರಿಗೆ ಎರಡು,” ಅಂದೆ, “ಮೈ ಸಮೇತ.” ಅವನು ಮಿಕಿಮಿಕಿ ನೋಡಿದ. ಆಗ ನಕ್ಕಳು ನನ್ನ ತಂಗಿ, ಸೆರಗು ಬಾಯಿಗೆ ಒತ್ತಿಕೊಂಡು, ಕಾಡು ಮುಗಿಯುವವರೆಗೂ.

ನೀಲಿ ಬಾಗಿಲು ತಟ್ಟಿದೆ. ಮಂಜುಳ ತೆರೆದಳು. ಕೈಯೆಲ್ಲ ಮೈದಾ ಹಿಟ್ಟು. ತಾಯಿಯನ್ನು ನೋಡಿದಳು. ಅಳಲಿಲ್ಲ, ನಗಲಿಲ್ಲ. ಅವಳಿಗೂ ಆಣೆಯ ವಿಷಯ ಗೊತ್ತು.

“ಒಳಕ್ಕೆ ಬತ್ತೀಯಾ ಅವ್ವ, ಇಲ್ಲ ಇಲ್ಲೇ ಚಾಪೆ ಹಾಕ್ಲಾ?”

ತಂಗಿ ಬಲಗಾಲು ಎತ್ತಿದಳು. ಹೊಸ್ತಿಲ ಮೇಲೆ ಹಿಡಿದಳು. ವಾಪಸು ಇಟ್ಟಳು. ಮತ್ತೆ ಎತ್ತಿದಳು. ಮತ್ತೆ ಇಟ್ಟಳು. ಹುಳು ಮನೆಯಲ್ಲಿ ಕೆಲಸ ಬಿಟ್ಟು ಬಂದವಳು ನಾನು, ಎಷ್ಟು ಹೊತ್ತು ನೋಡಲಿ? ಅವಳ ಸೊಂಟಕ್ಕೆ ಎರಡೂ ಕೈ ಕೊಟ್ಟು ಒಂದು ನೂಕು ನೂಕಿದೆ. ನೇರ ಹೋಗಿ ಮಗಳ ಮೇಲೆ ಬಿದ್ದಳು. ಬಿದ್ದವಳು ಎರಡು ತೋಳಿನಲ್ಲೂ ಅವಳನ್ನು ಹಿಡಿದುಕೊಂಡಳು, ಬಿಡಿಸಲು ಆಗದ ಹಾಗೆ.

ಹೇಳಿ, ಆ ತೋಳುಗಳನ್ನು ಗುಂಡ್ಲುಪೇಟೆಯ ಜಮಖಾನದ ಮೇಲೆ ಬಿಟ್ಟು ಬಂದಿದ್ದರೆ, ಯಾವುದರಲ್ಲಿ ತಬ್ಬಿಕೊಳ್ಳುತ್ತಿದ್ದಳು?